ಸೊಲ್ಲು ಕೊಡುವವರು ಯಾರು?

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಾಗಲಿ, ಅದರ ಆಸುಪಾಸಿನ ಇನ್ನಾವ ಹಳ್ಳಿಯಲ್ಲಾಗಲಿ, ಎಪ್ಪತ್ತು ದಾಟಿದ ಹೆಂಗಸೊಬ್ಬರ ಮುಂದೆ ಮೊಬೈಲು ಹಿಡಿದು ‘ಅವ್ವಾ, ನಿಮ್ಮ ಕಾಲದ ಒಂದು ಪದ ಹೇಳಿ’ ಎಂದರೆ ಥಟ್ಟನೆ ಪದ ಬರುವುದು ಕಡಿಮೆ. ಮೊದಲು ಬರುವುದು ನೆಪ. ಗಂಟಲು ಸರಿಯಿಲ್ಲ, ಎಲ್ಲ ಮರೆತುಹೋಗಿದೆ, ಮೂಲೆಮನೆ ಅತ್ತಿಗೆ ಇದ್ದಿದ್ದರೆ ಚೆನ್ನಾಗಿ ಹೇಳುತ್ತಿದ್ದಳು. ಬಿಡದೆ ಕೇಳಿದರೆ ನಿಜವಾದ ಕಾರಣ ಹೊರಬೀಳುತ್ತದೆ: ಸೊಲ್ಲು ಕೊಡುವವರಿಲ್ಲದೆ ಒಬ್ಬಳೇ ಹೇಗೆ ಹೇಳುವುದು? ಅಷ್ಟರಲ್ಲಿ ವಾರಗೆಯವರೊಬ್ಬರು ಬಂದು ಜಗಲಿಯ ಮೇಲೆ ಕೂತು ಎಲೆಯಡಿಕೆ ಬಿಚ್ಚಿದರೆ ಲೆಕ್ಕವೇ ಬದಲಾಗುತ್ತದೆ. ಒಬ್ಬರು ಅರ್ಧ ಸಾಲು ಎತ್ತುತ್ತಾರೆ, ಇನ್ನೊಬ್ಬರು ‘ಅದಲ್ಲ, ಅದಕ್ಕೂ ಮುಂಚೆ ಒಂದದೆ’ ಎಂದು ತಡೆಯುತ್ತಾರೆ. ಜಗಳದ ನಡುವೆಯೇ ಹಾಡು ಹಾದಿಗೆ ಬೀಳುತ್ತದೆ. ಮರೆತೇಹೋಯಿತು ಎಂದಿದ್ದವರ ಬಾಯಿಂದಲೇ ಹತ್ತು, ಇಪ್ಪತ್ತು, ಮೂವತ್ತು ಸಾಲು.

ಹಳೆಯ ಹಾಡುಗಳ ನೆನಪು ಎಂದರೆ ಒಬ್ಬೊಬ್ಬರ ತಲೆಯೊಳಗೆ ಮಡಿಸಿಟ್ಟಿರುವ ಸ್ವಂತ ಸ್ವತ್ತು ಎಂದು ಬಗೆಯುವುದು ರೂಢಿ. ಚಾಮರಾಜನಗರ ಸೀಮೆಯ ಹಾಡಿನ ಪದ್ಧತಿ ನೋಡಿದವರಿಗೆ ಹಾಗೆ ಅನ್ನಿಸುವುದಿಲ್ಲ. ಇಲ್ಲಿ ನೆನಪು ಇಬ್ಬರ ನಡುವೆ, ನಾಲ್ವರ ನಡುವೆ ಹಂಚಿಹೋಗಿದೆ. ಹಾಡಿನ ಕಟ್ಟಡವೇ ಹಾಗಿದೆ. ಮುಮ್ಮೇಳದವರು ಒಂದು ಸಾಲು ಹೇಳುತ್ತಾರೆ, ಹಿಮ್ಮೇಳ ಸೊಲ್ಲು ಹಿಡಿಯುತ್ತದೆ. ಸೊಲ್ಲು ಮುಗಿಯುವಷ್ಟರಲ್ಲಿ ಮುಂದಾಳಿಗೆ ಉಸಿರೆಳೆದುಕೊಳ್ಳಲು ಬಿಡುವು ಸಿಕ್ಕಿರುತ್ತದೆ. ಮುಂದಿನ ಸಾಲು ನಾಲಿಗೆಗೆ ಬರುವುದೂ ಆ ಬಿಡುವಿನಲ್ಲೇ. ಹಿಮ್ಮೇಳವಿಲ್ಲದಿದ್ದರೆ ಆ ಬಿಡುವಿಲ್ಲ, ಬಿಡುವಿಲ್ಲದಿದ್ದರೆ ಸಾಲೂ ಇಲ್ಲ.

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ಬಂದರೆ ಗುಂಡ್ಲುಪೇಟೆ. ಅಲ್ಲಿಂದ ಒಂದು ರಸ್ತೆ ಬಂಡೀಪುರ ದಾಟಿ ಊಟಿಗೆ, ಇನ್ನೊಂದು ವಯನಾಡಿಗೆ. ಇದೇ ರಸ್ತೆಯಲ್ಲಿ ಸಾಗುವ ಕಾರುಗಳಿಗೆ ಈ ತಾಲ್ಲೂಕು ಎಂದರೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳ ಮುಂದೆ ನಿಂತು ಫೋಟೊ ಹಿಡಿಯುವ ಜಾಗ. ಆ ಹೊಲಗಳ ಆಚೆ ಇರುವ ಊರುಗಳದ್ದು ಬೇರೆಯೇ ಲೋಕ. ಪೂರ್ವಕ್ಕೆ ಮಲೆ ಮಹದೇಶ್ವರನ ಏಳುಮಲೆ, ಬಿಳಿಗಿರಿರಂಗನ ಬೆಟ್ಟ, ಸಿದ್ಧಪ್ಪಾಜಿಯ ಚಿಕ್ಕಲ್ಲೂರು. ಹತ್ತಿರದಲ್ಲೇ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಜಿಲ್ಲೆಯಾಗಿ ಚಾಮರಾಜನಗರ ಹುಟ್ಟಿದ್ದು 1997ರಲ್ಲಿ. ಹಾಡಿನ ನಕಾಶೆಯಲ್ಲಿ ಅದು ಶತಮಾನಗಳಿಂದ ಒಂದೇ ಸೀಮೆ.

ಹೆಂಗಸರ ಹಾಡಿನಿಂದಲೇ ಶುರು ಮಾಡಬೇಕು, ಏಕೆಂದರೆ ಮನೆಯೊಳಗಿನ ಸಂಗೀತವೆಂದರೆ ಮೊದಲು ಅದೇ. ಮದುವೆ ಮನೆಯ ಸೋಬಾನೆ, ಹಸೆಗೆ ಕರೆಯುವ ಪದ, ಆರತಿ ಪದ, ಹೆಣ್ಣು ಒಪ್ಪಿಸುವ ಪದ, ಮೈನೆರೆದ ಹುಡುಗಿಯನ್ನು ಕೂರಿಸಿದಾಗಿನ ಪದ, ಜೋಗುಳ, ನಾಟಿ ಮತ್ತು ಕಳೆ ಕೀಳುವಾಗಿನ ಪದ, ಬೀಸೋ ಪದ. ಇವನ್ನು ಯಾರೂ ಕೂತು ಕಲಿತದ್ದಿಲ್ಲ. ಬೀಸುವ ಕಲ್ಲಿನ ಎದುರುಬದುರು ಕೂತು ಗೂಟ ಹಿಡಿದು ಇಬ್ಬರು ರಾಗಿ ಬೀಸುತ್ತಿದ್ದರೆ, ಕಲ್ಲಿನ ಒಂದು ಸುತ್ತಿಗೆ ಹಾಡಿನ ಒಂದು ನಡೆ ತಾನಾಗಿಯೇ ಹೊಂದಿಕೊಳ್ಳುತ್ತಿತ್ತು. ಕೈ ತಿರುಗುತ್ತಿರುವಷ್ಟು ಹೊತ್ತು ಬಾಯಿ ನಿಲ್ಲುವಂತಿಲ್ಲ. ತ್ರಿಪದಿಯ ಸಾಲುಗಳು ತೌರಿನಿಂದ ಗಂಡನ ಮನೆಗೆ, ಅತ್ತೆಯಿಂದ ಸೊಸೆಗೆ, ಅಲ್ಲಿಂದ ಮೊಮ್ಮಗಳಿಗೆ ಸಾಗಿದ್ದು ಈ ಕಲ್ಲಿನ ದಾರಿಯಲ್ಲಿ. ಅತ್ತೆ ಸೊಸೆ ಮಾತು ಬಿಟ್ಟಿದ್ದರೂ ರಾಗಿ ಬೀಸಲೇಬೇಕಿತ್ತು, ಬೀಸಲು ಕೂತರೆ ಪದ ಹೇಳಲೇಬೇಕಿತ್ತು. ಅತ್ತೆಯ ಮೇಲಿನ ದೂರನ್ನು ಅತ್ತೆಯ ಎದುರೇ ಹಾಡಿಬಿಡುವ ಸವಲತ್ತು ಸೊಸೆಗೆ ಬೇರೆಲ್ಲೂ ಇರಲಿಲ್ಲ.

ಆಮೇಲೆ ಊರಿಗೆ ಕರೆಂಟು ಬಂತು, ಹಿಟ್ಟಿನ ಗಿರಣಿ ಬಂತು. ನಸುಕಿಗೆ ಮೊದಲೇ ಎದ್ದು ಬೀಸುವ ಶಿಕ್ಷೆ ತಪ್ಪಿದ್ದಕ್ಕೆ ಯಾವ ಹೆಂಗಸೂ ಅಳಲಿಲ್ಲ, ಅಳಬೇಕಾಗಿಯೂ ಇರಲಿಲ್ಲ. ಬೀಸೋ ಪದ ಕಣ್ಮರೆಯಾಯಿತು ಎಂದು ನಗರದಲ್ಲಿ ಕೂತು ಹಳಹಳಿಸುವವರು ಒಂದು ಸೇರು ರಾಗಿಯನ್ನು ಒಮ್ಮೆ ಬೀಸಿ ನೋಡುವುದು ಒಳ್ಳೆಯದು. ಆದರೆ ಗಿರಣಿ ಕೆಲಸದ ಜೊತೆಗೆ ಹಾಡಿನ ಸಂದರ್ಭವನ್ನೂ ಒಯ್ದಿತು ಎಂಬುದು ನಿಜ. ಕಲ್ಲಿನ ಮುಂದೆ ನೂರು ಪದ ಹೇಳುತ್ತಿದ್ದವರನ್ನು ಕುರ್ಚಿಯಲ್ಲಿ ಕೂರಿಸಿ ಕೇಳಿದರೆ ಹತ್ತೂ ಬಾರದಿರುವುದು ಅದಕ್ಕೇ. ಪದವನ್ನು ಎಬ್ಬಿಸುತ್ತಿದ್ದುದು ಕೈಯ ತಿರುವು, ಕಲ್ಲಿನ ಗುರುಗುರು ಸದ್ದು, ಎದುರಿಗಿದ್ದವಳ ದನಿ. ಮೂರೂ ಇಲ್ಲದ ಕಡೆ ನೆನಪಿಗೆ ಹಿಡಿತ ಸಿಗುವುದಿಲ್ಲ.

ಈ ಹಾಡುಗಳ ಬೆಲೆಯನ್ನು ಬೇಗ ಗುರುತಿಸಿದವರು ಕನ್ನಡದಲ್ಲಿ ಇದ್ದರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ತಮ್ಮ ಊರುಕೇರಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ‘ಗರತಿಯ ಹಾಡು’ 1931ರಲ್ಲಿ ಪುಸ್ತಕವಾಯಿತು. ಎರಡು ವರ್ಷದ ನಂತರ, 1933ರಲ್ಲಿ, ಈಗಿನ ಮಂಡ್ಯ ಜಿಲ್ಲೆಯ ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿ ‘ಹುಟ್ಟಿದ ಹಳ್ಳಿ’ ಬರೆದರು. ತಮ್ಮದೇ ಊರನ್ನು ಬೆಳೆ, ಹಬ್ಬ, ಆಟ, ಹಾಡು ಸಮೇತ ಒಂದು ಪುಸ್ತಕದೊಳಗೆ ಇಳಿಸಿದ ಆ ಕೆಲಸದ ಬೆಲೆ ಈಗ ತಿಳಿಯುತ್ತಿದೆ. ಭೀಮನಬೀಡಿನಂಥ ಪ್ರತಿ ಊರಿಗೂ ಒಬ್ಬ ರಂಗಸ್ವಾಮಿ ಸಿಗಲಿಲ್ಲ. ಜೀ.ಶಂ. ಪರಮಶಿವಯ್ಯ ಮತ್ತು ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರ ಶ್ರಮದಿಂದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಶುರುವಾದದ್ದು 1968ರಲ್ಲಿ. ಅಂಥ ಸಂಗ್ರಹಾಲಯಕ್ಕೆ ಸೇರಿದ ಬೀಸುವ ಕಲ್ಲು ಉಳಿಯುತ್ತದೆ, ತಿರುಗುವುದಿಲ್ಲ.

ಮನೆಯೊಳಗಿನ ಹಾಡು ಹೆಂಗಸರದಾದರೆ, ಹರಕೆಯ ಹಾಡು ಗಂಡುಮಕ್ಕಳದು. ಈ ಸೀಮೆಯಲ್ಲಿ ಸಂಗೀತವನ್ನು ಆಯ್ದುಕೊಳ್ಳುವ ಮಾತೇ ಇರಲಿಲ್ಲ. ಮನೆ ಹರಕೆ ಹೊರುತ್ತಿತ್ತು, ಮಗ ಹಾಡುಗಾರನಾಗುತ್ತಿದ್ದ. ಮಂಟೇಸ್ವಾಮಿ ಒಕ್ಕಲಿನ ಮನೆಯವರು ಒಬ್ಬ ಮಗನನ್ನು ನೀಲಗಾರನನ್ನಾಗಿ ಬಿಡುತ್ತಾರೆ, ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಒಕ್ಕಲಿನವರು ದೇವರಗುಡ್ಡನನ್ನಾಗಿ. ದೀಕ್ಷೆಯಾದ ಮೇಲೆ ನೀಲಗಾರನ ಕೈಗೆ ತಂಬೂರಿ, ಗಗ್ಗರ, ಡಕ್ಕೆ. ಗುಡ್ಡನ ಕೈಗೆ ಕಂಸಾಳೆ. ಕಂಸಾಳೆಯ ಒಂದು ತಾಳ ಬಟ್ಟಲಿನಂತೆ ಕುಳಿಯಿರುವುದು, ಇನ್ನೊಂದು ಚಪ್ಪಟೆ, ಅದಕ್ಕೆ ದಾರ ಮತ್ತು ಗೊಂಡೆ. ಕೂತು ಕತೆ ಹೇಳುವಾಗ ಅದೇ ತಾಳವಾದ್ಯ, ನಿಂತು ಬೀಸುವಾಗ ಅದೇ ಕುಣಿತ. ಇಂದು ಸರ್ಕಾರಿ ಮೆರವಣಿಗೆಗಳಲ್ಲಿ ಜನ ಕಾಣುವುದು ಬೀಸು ಕಂಸಾಳೆಯನ್ನು ಮಾತ್ರ. ಅದರ ಹಿಂದಿರುವ ಕತೆ ಕೇಳಲು ಇಡೀ ರಾತ್ರಿ ಬೇಕು.

ಮನೆಯಲ್ಲಿ ಗೃಹಪ್ರವೇಶವೋ, ಹರಕೆಯೋ, ತಿಥಿಯೋ ಇದ್ದರೆ ‘ಕತೆ ಮಾಡಿಸುವುದು’ ಇಲ್ಲಿನ ವಾಡಿಕೆ. ಸಾವಿನ ಮನೆಯಲ್ಲೂ ಬೆಳಗಿನವರೆಗೆ ತಂಬೂರಿ ಪದ ನಡೆಯುತ್ತದೆ. ಅಂದರೆ ಈ ಕಡೆಯ ಮಗುವೊಂದು ಹತ್ತು ವರ್ಷ ತುಂಬುವ ಹೊತ್ತಿಗೆ ನಿದ್ದೆಯಲ್ಲೋ ಎಚ್ಚರದಲ್ಲೋ ಸಂಕಮ್ಮನ ಕತೆಯನ್ನು ಹಲವು ಬಾರಿ ಕೇಳಿರುತ್ತದೆ. ಮಾದೇಶ್ವರನ ಕಾವ್ಯದ ಒಂದೊಂದು ಭಾಗಕ್ಕೂ ‘ಸಾಲು’ ಎಂದು ಹೆಸರು: ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು. ಬೇಟೆಗೆ ಹೊರಟ ಗಂಡ ನೀಲೇಗೌಡ ಹೆಂಡತಿ ಸಂಕಮ್ಮನಿಂದ ಭಾಷೆ ಬೇಡುತ್ತಾನೆ, ಕೊಡಲಾರೆನೆಂದವಳನ್ನು ಹಿಂಸಿಸುತ್ತಾನೆ. ಮಾದಪ್ಪ ಬಂದು ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳ ವರ ಕೊಡುತ್ತಾನೆ. ಈ ಸಾಲು ಬಂದಾಗ ಕೂತವರಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಹೊಸ ಸಂಗತಿಯೇನಲ್ಲ.

ಇಷ್ಟು ಉದ್ದದ ಕತೆಯನ್ನು ಓದುಬರಹ ಬಾರದವರು ನೆನಪಿಟ್ಟುಕೊಂಡದ್ದು ಹೇಗೆ? ಈ ಪ್ರಶ್ನೆಯನ್ನು 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಳ್ಳಿಗಳಲ್ಲಿ ಅಮೆರಿಕದ ಮಿಲ್ಮನ್ ಪ್ಯಾರಿ ಕೇಳಿಕೊಂಡರು. 1935ರಲ್ಲಿ ಅವ್ದೊ ಮೆದ್ಯೆದೊವಿಚ್ ಎಂಬ ಹಾಡುಗಾರ ಅವರೆದುರು 12,000 ಸಾಲು ಮೀರಿದ ಒಂದೇ ಕತೆ ಹಾಡಿದ. ಪ್ಯಾರಿಯ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪುಸ್ತಕ ಬರೆದು ಗುಟ್ಟು ಬಿಡಿಸಿದರು: ಈ ಹಾಡುಗಾರರು ಉರು ಹೊಡೆಯುವುದೇ ಇಲ್ಲ. ಸಿದ್ಧ ನುಡಿಗಟ್ಟುಗಳು, ಸಿದ್ಧ ಸನ್ನಿವೇಶಗಳು ಅವರ ಬಳಿ ರಾಶಿ ಬಿದ್ದಿರುತ್ತವೆ. ಹಾಡುತ್ತಲೇ ಅವನ್ನು ಹೆಣೆಯುತ್ತಾ ಹೋಗುತ್ತಾರೆ, ಆದ್ದರಿಂದ ಪ್ರತಿ ರಾತ್ರಿಯೂ ಕತೆ ಒಂದೇ, ಪಠ್ಯ ಬೇರೆ. ನಮ್ಮ ಕರಾವಳಿಯಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಕಂಡದ್ದೂ ಇದನ್ನೇ. 1990ರಲ್ಲಿ ಗೋಪಾಲ ನಾಯ್ಕರು ದಿನಗಟ್ಟಲೆ ಹಾಡಿದ ತುಳುವಿನ ಸಿರಿ ಮಹಾಕಾವ್ಯ ಬರಹಕ್ಕಿಳಿದಾಗ 15,683 ಸಾಲುಗಳಾದವು.

ನೀಲಗಾರರ ಕತೆ ಕೇಳಿದವರಿಗೆ ಲಾರ್ಡ್ ಹೇಳಿದ್ದು ಹೊಸದೆನಿಸದು. ದೇವರ ವರ್ಣನೆ, ಪಯಣದ ವರ್ಣನೆ, ಅಳುವ ಹೆಣ್ಣಿನ ವರ್ಣನೆ ಯಾವ ಸಾಲಿಗೆ ಹೋದರೂ ಪರಿಚಿತ ಮುಖ ಹೊತ್ತೇ ಬರುತ್ತವೆ. ಹಾಡುಗಾರ ತಡವರಿಸಿದರೆ ಹಿಮ್ಮೇಳದವನು ‘ಆಮೇಲೆ ಏನಾಯ್ತು ಗುರುವೆ’ ಎಂಬಂಥ ಮಾತು ಎಸೆದು ಕೈಹಿಡಿಯುತ್ತಾನೆ. ಮುಂದೆ ಕೂತ ಮುದುಕರೂ ಸುಮ್ಮನಿರುವವರಲ್ಲ, ಒಂದು ಸನ್ನಿವೇಶ ಹಾರಿಸಿದರೆ ಅಲ್ಲಿಂದಲೇ ಕೇಳಿಬಿಡುತ್ತಾರೆ. ಕತೆಯ ಪೂರ್ತಿ ನೆನಪು ಆ ರಾತ್ರಿಯ ಜಗಲಿಯ ಮೇಲಿದೆ. ತಂಬೂರಿ ಹಿಡಿದವನ ತಲೆಯಲ್ಲಿರುವುದು ಅದರ ದೊಡ್ಡ ಪಾಲು ಅಷ್ಟೆ. ಪಿ.ಕೆ. ರಾಜಶೇಖರ ಅವರು ಮಾದೇಶ್ವರನ ಮಹಾಕಾವ್ಯವನ್ನು 1973ರಲ್ಲಿ ಪುಸ್ತಕವಾಗಿ ತಂದರು. ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದಿತು. ಅವು ದೊಡ್ಡ ಕೆಲಸಗಳೇ. ಆದರೂ ಪುಸ್ತಕದಲ್ಲಿರುವುದು ಯಾವುದೋ ಒಬ್ಬರ, ಯಾವುದೋ ಒಂದು ಹೊತ್ತಿನ ಹಾಡಿಕೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯ ಗದ್ಯ ಓದುವಾಗ ಈ ಕತೆಗಳ ಉಸಿರು ಎಲ್ಲೋ ತಾಗಿದಂತಾಗುವುದು ಆಕಸ್ಮಿಕವಲ್ಲ, ಅವರು ಬೆಳೆದದ್ದೂ ಇದೇ ಸೀಮೆಯ ನುಡಿಯೊಳಗೆ.

ಈ ಜಗತ್ತಿಗೆ ಹೊರಗಿನ ಹಾಡು ಬಂದದ್ದು ಮೂರು ಬಾಗಿಲಿನಿಂದ: ರೇಡಿಯೊ, ಟೂರಿಂಗ್ ಟಾಕೀಸು, ಕ್ಯಾಸೆಟ್ಟು.

ರೇಡಿಯೊ ವಿಷಯದಲ್ಲಿ ಮೈಸೂರು ಸೀಮೆಗೆ ಒಂದು ಹೆಮ್ಮೆಯಿದೆ. 1935ರಲ್ಲಿ ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶಕ್ಕೆ ಹೋದದ್ದು ಅಲ್ಲಿಂದ. ಹಳ್ಳಿಗಳಲ್ಲಿ ರೇಡಿಯೊ ಇದ್ದವರೇ ಕಡಿಮೆ. ಇದ್ದವರು ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ದುಡ್ಡು ಕಟ್ಟಬೇಕಿತ್ತು. ಹಾಗಾಗಿ ಒಂದು ಮನೆಯ ರೇಡಿಯೊ ಇಡೀ ಬೀದಿಯದ್ದು. ಟಾಕೀಸಿನದು ಇನ್ನೂ ದೊಡ್ಡ ದನಿ. ಹಳೇ ಮೈಸೂರಿನ ಎಷ್ಟೋ ಟೆಂಟುಗಳಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಮೈಕಿನಲ್ಲಿ ಬಂತೆಂದರೆ ಟಿಕೆಟ್ ಕೊಡುವ ಹೊತ್ತಾಯಿತೆಂದು ಅರ್ಥ. ತೆಲುಗಿನ ಒಂದಕ್ಷರ ತಿಳಿಯದ ಮಂದಿಗೆ ಆ ಹಾಡು ಇಂದಿಗೂ ಬಾಯಿಪಾಠ. ಹೊಲದಲ್ಲಿದ್ದವರು ಅದನ್ನು ಕೇಳಿ ಓಡುತ್ತಿದ್ದರು. ಊಟದ ತಟ್ಟೆ ಅರ್ಧಕ್ಕೆ ಬಿಟ್ಟವರೂ ಉಂಟು.

ಪರದೆಯ ಮೇಲಿನ ನಾಯಕ ಬೇರೆ ಇದೇ ನೆಲದವರು. ರಾಜ್‌ಕುಮಾರ್ 1929ರ ಏಪ್ರಿಲ್ 24ರಂದು ಹುಟ್ಟಿದ ಗಾಜನೂರು ಈಗ ತಮಿಳುನಾಡಿನ ತಾಳವಾಡಿ ಭಾಗದಲ್ಲಿದೆ, ಚಾಮರಾಜನಗರಕ್ಕೆ ಕೂಗಳತೆಯಲ್ಲಿ. ತಂದೆ ಪುಟ್ಟಸ್ವಾಮಯ್ಯನವರ ಹೆಸರಿಗೆ ಅಂಟಿದ್ದ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು. ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟ, ಕಂಚಿನ ಕಂಠದವರು. ಮಗ ಶಾಲೆ ಬಿಟ್ಟು ಕಂಪನಿ ಸೇರಿ, ಅಲ್ಲಿ ಕಿವಿಯಿಂದ ಕೇಳಿ ಕೇಳಿಯೇ ಹಾಡು ಕಲಿತರು. ಸಿನಿಮಾಕ್ಕೆ ಬಂದ ಮೇಲೆ ವರ್ಷಗಟ್ಟಲೆ ಅವರ ತುಟಿಗೆ ದನಿಯಾದವರು ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ, ಎಮ್ಮೆಯ ಮೇಲೆ ಕೂತು ಹಾಡುವ ಆ ಹಾಡನ್ನು ರಾಜ್ ತಾವೇ ಹಾಡಿದರು. ಅಲ್ಲಿಂದ ಮುಂದೆ ಅವರ ಹಾಡು ಅವರದೇ. 1992ರ ‘ಜೀವನಚೈತ್ರ’ದ ಹಾಡಿಗೆ ಗಾಯನದ ರಾಷ್ಟ್ರಪ್ರಶಸ್ತಿಯೂ ಬಂತು. ತಂದೆಯಿಂದ ಮಗನಿಗೆ ಬಂದ ಕಂಠ ಮೂರನೆಯ ತಲೆಗೂ ಇಳಿಯಿತು: 1980ರ ದಶಕದ ಆರಂಭದ ‘ಭಾಗ್ಯವಂತ’ದಲ್ಲಿ ಹಾಡಿದ ಪುಟ್ಟ ಪುನೀತ್‌ನ ದನಿಯನ್ನು, ಅವರು ತೀರಿಕೊಂಡ 2021ರ ಅಕ್ಟೋಬರ್ 29ರ ನಂತರ ಕೇಳದ ಕನ್ನಡಿಗರಿರಲಿಕ್ಕಿಲ್ಲ. ಮನೆತನದ ಸಂಗೀತ ಎನ್ನುವುದಕ್ಕೆ ಇದಕ್ಕಿಂತ ಎಲ್ಲರಿಗೂ ಗೊತ್ತಿರುವ ಉದಾಹರಣೆ ಈ ಕಡೆ ಸಿಗದು.

ಆಮೇಲೆ ಕ್ಯಾಸೆಟ್ಟು. 1978ರಲ್ಲಿ ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕಟ್ಟಿದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯಾಗಿ ಬಂದಾಗ ಅದು ನಗರದ ನಡುಮನೆಯ ಸಂಭ್ರಮ. ಹಳ್ಳಿಗೆ ಬೇಕಿದ್ದದ್ದು ಬೇರೆ. ಕಂಸಾಳೆ ಮಹದೇವಯ್ಯ, ಮೈಸೂರು ಗುರುರಾಜ್ ಅವರಂಥವರ ಕತೆಗಳು ಕ್ಯಾಸೆಟ್ಟಿಗೆ ಬಂದವು. ಜಾತ್ರೆ ಅಂಗಡಿಗಳಲ್ಲಿ, ಬಸ್ಸುಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಮಾದಪ್ಪನೂ ಸಿದ್ಧಪ್ಪಾಜಿಯೂ ಮೊಳಗಿದರು. ದುಡ್ಡು ಕೊಟ್ಟು ಕತೆ ಮಾಡಿಸಲಾಗದ ಮನೆಗೂ ಕತೆ ಹೊಕ್ಕಿತು. ಇದು ಲಾಭ. ನಷ್ಟ ನಿಧಾನವಾಗಿ ಕಾಣಿಸಿತು. ಓದಲು ಕಲಿತು ಅಚ್ಚಾದ ಪಠ್ಯಕ್ಕೆ ಜೋತುಬಿದ್ದ ಹಾಡುಗಾರ ಕಟ್ಟುವುದನ್ನು ಬಿಟ್ಟು ಒಪ್ಪಿಸತೊಡಗುತ್ತಾನೆ ಎಂದು ಲಾರ್ಡ್ ಯುಗೊಸ್ಲಾವಿಯಾದಲ್ಲಿ ಗಮನಿಸಿದ್ದರು. ಕ್ಯಾಸೆಟ್ಟೂ ಅಚ್ಚಿನ ಪುಸ್ತಕದ ಕೆಲಸವನ್ನೇ ಮಾಡಿತು. ಒಮ್ಮೆ ಕ್ಯಾಸೆಟ್ಟಿನ ಕತೆ ಕಿವಿಯಲ್ಲಿ ಕೂತರೆ ಊರಿನ ನೀಲಗಾರ ಹೇಳುವುದು ‘ತಪ್ಪು’ ಎನಿಸತೊಡಗುತ್ತದೆ. ಅವನ ಅಜ್ಜನಿಂದ ಬಂದ ತಿರುವು, ಈ ಊರಿಗೇ ಸೇರಿದ ಒಂದು ಉಪಕತೆ, ಇವೆಲ್ಲ ಆ ತಕ್ಕಡಿಯಲ್ಲಿ ತೂಗುವುದಿಲ್ಲ.

ಹೀಗೆ ಕಿವಿಗೆ ಬಿದ್ದವುಗಳಲ್ಲಿ ಹರೆಯದ ಹಾಡೇ ಏಕೆ ಇಷ್ಟು ಗಟ್ಟಿಯಾಗಿ ಕೂರುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞರ ಬಳಿ ಒಂದು ವಿವರಣೆಯಿದೆ. ವಯಸ್ಸಾದವರಿಗೆ ಬದುಕಿನ ನೆನಪುಗಳನ್ನು ಹೇಳಿ ಎಂದರೆ ಸುಮಾರು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳೇ ಹೆಚ್ಚು ಬರುತ್ತವೆ. ನಕ್ಷೆ ಬರೆದರೆ ಅಲ್ಲೊಂದು ದಿಬ್ಬ ಏಳುತ್ತದೆ. ಮೊದಲ ಕೆಲಸ, ಮೊದಲ ಪ್ರೀತಿ, ಮದುವೆ, ಹೆರಿಗೆ ಎಲ್ಲ ಆಗುವುದು ಆಗಲೇ. ಗುಂಡ್ಲುಪೇಟೆಯ ಲೆಕ್ಕದಲ್ಲಿ ಹೇಳುವುದಾದರೆ, ಈಗ ಎಪ್ಪತ್ತರ ಆಸುಪಾಸಿನಲ್ಲಿರುವವರ ದಿಬ್ಬದ ಮೇಲೆ 1972ರ ‘ಬಂಗಾರದ ಮನುಷ್ಯ’, 1973ರ ‘ಗಂಧದ ಗುಡಿ’, ಎಮ್ಮೆಯ ಹಾಡು ನಿಂತಿವೆ. ನಲವತ್ತೈದರವರ ದಿಬ್ಬದ ಮೇಲೆ 1996ರ ‘ಜನುಮದ ಜೋಡಿ’.

ಇದಕ್ಕಿಂತ ಸ್ವಾರಸ್ಯದ ಸಂಗತಿಯೊಂದನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಕ್ಯಾರೊಲ್ ಕ್ರುಮ್‌ಹ್ಯಾನ್ಸಲ್ 2013ರಲ್ಲಿ ಪ್ರಕಟಿಸಿದರು. ಇಪ್ಪತ್ತರ ಆಸುಪಾಸಿನ 62 ಮಂದಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದಾಗ, ಅವರದೇ ಕಾಲದ ಹಾಡುಗಳ ಜೊತೆಗೆ ಅವರ ತಂದೆತಾಯಿ ಹರೆಯದಲ್ಲಿದ್ದ 1980ರ ದಶಕದ ಆರಂಭದ ಹಾಡುಗಳೂ ಎದ್ದು ನಿಂತವು. 1960ರ ದಶಕದ ಹಾಡುಗಳಿಗೂ ಒಂದು ಚಿಕ್ಕ ದಿಬ್ಬವಿತ್ತು. ಅಜ್ಜ ಅಜ್ಜಿಯರ ಪಾಲು ಇರಬಹುದು, ಆ ಹಾಡುಗಳೇ ಚೆನ್ನಾಗಿದ್ದಿರಲೂಬಹುದು. ಮನೆಯಲ್ಲಿ ಅಪ್ಪ ಅಮ್ಮ ಹಾಕುತ್ತಿದ್ದ ಹಾಡು ಮಕ್ಕಳ ಸ್ವಂತ ನೆನಪಿನೊಳಗೂ ಇಳಿದುಬಿಡುತ್ತದೆ, ಅವರು ಹುಟ್ಟುವ ಮೊದಲಿನದಾದರೂ. ಹರೆಯದ ಹಾಡನ್ನು ಮಕ್ಕಳ ಮುಂದೆ ಹಾಡುವುದು ಮುದುಕರ ಹಳಹಳಿಕೆ ಎಂದು ಮೂಗು ಮುರಿಯುವವರು ಈ ಅಧ್ಯಯನವನ್ನು ನೋಡಬೇಕು.

ಕನ್ನಡದಲ್ಲಿ ಇದಕ್ಕೆ ಪ್ರಯೋಗಾಲಯವೇ ಬೇಡ, ಜಿ.ಪಿ. ರಾಜರತ್ನಂ ಸಾಕು. ಹೆಸರಿನ ಮುಂದಿನ ಜಿ.ಪಿ. ಎಂದರೆ ಗುಂಡ್ಲು ಪಂಡಿತ. ಅವರ ಮನೆತನದ ಬೇರು ಗುಂಡ್ಲುಪೇಟೆಯಲ್ಲಿದೆ. ಅವರ ತುತ್ತೂರಿಯ ಪದ್ಯ, ನಾಯಿಮರಿಯ ಪದ್ಯ ಅಜ್ಜಿಗೂ ಗೊತ್ತು, ಅಮ್ಮನಿಗೂ ಗೊತ್ತು, ಅಂಗನವಾಡಿಗೆ ಹೋಗುವ ಮಗುವಿಗೂ ಗೊತ್ತು. ಮೂರು ತಲೆಮಾರು ಒಂದೇ ಮನೆಯಲ್ಲಿ ಒಂದೇ ಉಸಿರಿಗೆ ಹೇಳಬಲ್ಲ ಪದ್ಯಗಳು ಕನ್ನಡದಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಲವು ಈ ಒಬ್ಬ ಮನುಷ್ಯನವು.

ಮರೆವಿನ ಕಾಯಿಲೆ ಬಂದವರೂ ಹಳೆಯ ಹಾಡಿಗೆ ತಲೆದೂಗುವುದನ್ನು ಕಂಡ ಮನೆಗಳಿವೆ. ಮಗಳ ಹೆಸರು ತಪ್ಪುತ್ತದೆ, ಹಾಡಿನ ಸಾಲು ತಪ್ಪುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪೆಟ್ರ್ ಜನಾಟ 2009ರಲ್ಲಿ ಮಿದುಳಿನ ಚಿತ್ರ ತೆಗೆದು ನೋಡಿದಾಗ, ಪರಿಚಿತ ಹಾಡು ಸ್ವಂತ ಬದುಕಿನ ನೆನಪನ್ನು ಎಬ್ಬಿಸುವ ಹೊತ್ತಿನಲ್ಲಿ ಹಣೆಯ ಹಿಂದಿನ ಒಳಭಾಗ ಚುರುಕಾಗುತ್ತಿತ್ತು. ಅಲ್ಜೀಮರ್ ಕಾಯಿಲೆಯಲ್ಲಿ ತಡವಾಗಿ ಸವೆಯುವ ಭಾಗಗಳಲ್ಲಿ ಅದೂ ಒಂದು. ಹಾಡು ಕಾಯಿಲೆಯನ್ನು ವಾಸಿ ಮಾಡುತ್ತದೆ ಎಂದು ಇದಕ್ಕೆ ಅರ್ಥವಿಲ್ಲ, ವಾಟ್ಸ್ಆ್ಯಪ್ಪಿನಲ್ಲಿ ಏನೇ ಹರಿದಾಡಲಿ.

ನೆನಪು ಎಲ್ಲರ ಪಾಲಿನದು ಎಂದಮೇಲೆ ಅದರ ಮೇಲೆ ಹಕ್ಕಿನ ಜಗಳವೂ ತಪ್ಪಿದ್ದಲ್ಲ. ಸಂಕಮ್ಮನ ಸಾಲಿಗೆ ಸೇರಿದ ‘ಕೋಲುಮಂಡೆ’ ಹಾಡು ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ಗೆ ಬಂದಾಗ ಸಂಗೀತ ವಿ. ಮನೋಹರ್ ಅವರದು, ದನಿ ಎಲ್.ಎನ್. ಶಾಸ್ತ್ರಿ ಅವರದು. ಗುಜರಾತಿಯ ಪನ್ನಾಲಾಲ್ ಪಟೇಲರ ಕಾದಂಬರಿಯನ್ನು ಆಧರಿಸಿದ ಚಿತ್ರ ಅದು, ಆದರೆ ಹಾಡು ಈ ಮಣ್ಣಿನದೇ. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು, ಯಾರೂ ತಕರಾರು ತೆಗೆಯಲಿಲ್ಲ. 2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿ ಅದೇ ಹಾಡನ್ನು ರ‍್ಯಾಪ್ ಮಾಡಿ ವಿಡಿಯೊ ಬಿಟ್ಟಾಗ ಮಾದಪ್ಪನ ಭಕ್ತರು ಸಿಡಿದೆದ್ದರು. ಶರಣೆ ಸಂಕಮ್ಮನನ್ನು ತೋರಿಸಿದ ರೀತಿ ಅವರನ್ನು ಕೆರಳಿಸಿತ್ತು. ಗಾಯಕರು ಕ್ಷಮೆ ಕೇಳಿದರು. ಹಾಡು ಹಳ್ಳಿಯದೆಂದು ಎತ್ತಿಕೊಳ್ಳುವವರಿಗೆ ಅದು ಇನ್ನೂ ಪೂಜೆಯಲ್ಲಿರುವ ಹಾಡೆಂಬುದು ಮರೆತುಹೋಗುತ್ತದೆ. ಹಾಗೆಂದು ಹೊಸ ದನಿಗೆ ಬಾಗಿಲೇ ಇಲ್ಲವೆಂದಲ್ಲ. ಮಾದೇವನ ಮೇಲಿನ ‘ಸೋಜುಗದ ಸೂಜುಮಲ್ಲಿಗೆ’ಯನ್ನು ಮೈಸೂರಿನ ಅನನ್ಯಾ ಭಟ್ ಹಾಡಿದ ಮೇಲೆ, 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಬಂದ ಮೇಲೆ, ಕನ್ನಡ ಬಾರದವರೂ ಅದನ್ನು ಗುನುಗಿದರು. ಹಳ್ಳಿಯ ಅಜ್ಜಿ ಮತ್ತು ಬೆಂಗಳೂರಿನ ಮೊಮ್ಮಗಳು ಇಬ್ಬರಿಗೂ ಬರುವ ಪದವೊಂದು ಬಹಳ ಕಾಲದ ಮೇಲೆ ಸಿಕ್ಕಿತು. ಪಾಠದಲ್ಲಿ ಒಂದೆರಡು ಸಾಲು ಆಚೀಚೆಯಾದರೆ ಅಜ್ಜಿ ತಿದ್ದುತ್ತಾರೆ, ತಿದ್ದುವ ನೆಪದಲ್ಲಿ ಮುಂದಿನ ನಾಲ್ಕು ಸಾಲು ಹೇಳುತ್ತಾರೆ.

ಈ ತಿದ್ದುವ ನೆಪ ಬಹಳ ಬೆಲೆಯುಳ್ಳದ್ದು. ಅಜ್ಜಿಯ ಹಾಡನ್ನು ದಾಖಲಿಸಬೇಕೆಂದು ಹೊರಡುವ ಮೊಮ್ಮಕ್ಕಳು ಈಗ ಹೆಚ್ಚುತ್ತಿದ್ದಾರೆ, ಮೊಬೈಲು ಎಲ್ಲರ ಕೈಯಲ್ಲಿದೆ. ಆದರೆ ಅವರು ಮಾಡುವ ಮೊದಲ ಕೆಲಸವೆಂದರೆ ಅಜ್ಜಿಯನ್ನು ಒಳಗೆ ಕರೆದು, ಫ್ಯಾನು ಆರಿಸಿ, ಬಾಗಿಲು ಹಾಕಿ, ಬೇರೆಯವರನ್ನು ಸುಮ್ಮನಿರಿಸುವುದು. ಶುದ್ಧ ದನಿ ಸಿಗುತ್ತದೆ, ಹಾಡು ಸಿಗುವುದಿಲ್ಲ. ಬಾಗಿಲು ತೆಗೆದು ಅಜ್ಜಿಯ ನಾದಿನಿಯನ್ನೋ ಓರಗಿತ್ತಿಯನ್ನೋ ಕರೆತಂದು ಜಗಲಿಯಲ್ಲೇ ಕೂರಿಸಿದರೆ, ಬಟಾಣಿ ಸುಲಿಯುವುದೋ ಹೂ ಕಟ್ಟುವುದೋ ಕೈಗೊಂದು ಕೆಲಸ ಕೊಟ್ಟರೆ, ದನಿಯ ಮೇಲೆ ದನಿ ಬಿದ್ದರೂ ಪದ ಪೂರ್ತಿಯಾಗಿ ಬರುತ್ತದೆ. ಅದಕ್ಕೂ ಮುಂಚೆ ಅಜ್ಜಿಗೆ ಗೊತ್ತಿರುವ ಪದವೊಂದನ್ನು ಮೊಮ್ಮಗಳೇ ತಪ್ಪುತಪ್ಪಾಗಿ ಹೇಳಿದರೆ ಇನ್ನೂ ಒಳ್ಳೆಯದು.

ಕೇಳಬೇಕಾದ ಪ್ರಶ್ನೆಗಳೂ ಇವೆ: ಈ ಪದ ಯಾರಿಂದ ಬಂತು, ತೌರಿನದೋ ಗಂಡನ ಮನೆಯದೋ, ಯಾವ ಹೊತ್ತಿನಲ್ಲಿ ಹೇಳುತ್ತಿದ್ದರು, ಯಾವ ಹೊತ್ತಿನಲ್ಲಿ ಹೇಳಬಾರದು. ಕಡೆಯದನ್ನು ಜನ ಕೇಳುವುದೇ ಇಲ್ಲ. ಸಾವಿನ ಮನೆಯ ಪದವನ್ನು ಸುಮ್ಮಸುಮ್ಮನೆ ಒಳಮನೆಯಲ್ಲಿ ಕೂತು ಹಾಡಿಸಲು ಹೋದರೆ ಹಿರಿಯರು ಒಪ್ಪುವುದಿಲ್ಲ, ಒಪ್ಪದಿದ್ದರೆ ಒತ್ತಾಯ ಮಾಡಬಾರದು. ಜಾತಿಯ ಮಾತನ್ನೂ ಮರೆಮಾಚುವಂತಿಲ್ಲ. ನೀಲಗಾರರಲ್ಲಿ ಹೆಚ್ಚಿನವರು ದಲಿತರು. ಊರಿಡೀ ಕಣ್ಣೊರೆಸಿಕೊಂಡು ಕೇಳಿದ ಕತೆಯನ್ನು ಹೇಳಿದವರು ರಾತ್ರಿ ಯಾರ ಮನೆಯ ಯಾವ ಜಾಗದಲ್ಲಿ ಕೂತು ಹಾಡಿದರು, ಬೆಳಿಗ್ಗೆ ಅವರಿಗೆ ಊಟ ಎಲ್ಲಿ ಬಡಿಸಿದರು ಎಂಬುದೂ ಆ ಹಾಡಿನ ನೆನಪಿನ ಭಾಗ. ಅಜ್ಜಿಯನ್ನು ಪದ ಕೇಳುವ ದಿನವೇ ಇದನ್ನೂ ಕೇಳಬಹುದು. ಮುಂದಿನ ಚಿಕ್ಕಲ್ಲೂರು ಜಾತ್ರೆ ಬನದ ಹುಣ್ಣಿಮೆಗೆ, ಐದು ದಿನ. ತಂಬೂರಿಯವರ ತಂಡಗಳು ಅಲ್ಲಿ ಬಯಲಿನಲ್ಲೇ ಕೂತು ಹಾಡುತ್ತವೆ, ಯಾರು ಬೇಕಾದರೂ ಹಿಂದೆ ಕೂತು ಸೊಲ್ಲು ಹಿಡಿಯಬಹುದು.